ತೊಂಬತ್ತು ಗ್ಯಾಲನ್ನಿನ ತೊಟ್ಟಿ

ಕುದಿಯುವ ನೀರಿಗೆ ಬಿಟ್ಟ ಪೆರೊಗಿ ಕಡುಬು ಬೆಂದ ಮೇಲೆ ಒಂದೊಂದಾಗಿ ಮೇಲೆ ಬಂದು ತೇಲುತ್ತದೆ, ಬೆಳ್ಳಗೆ, ಹೊಟ್ಟೆ ಮೇಲಾಗಿ. ಅಷ್ಟು ಹೊತ್ತಿಗೆ ಸರಿಯಾಗಿ ವರ್ನಾ ಹಲಿಕ್ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ತೂತುಸೌಟನ್ನು ಕೈಯಂದಾಜಿನಲ್ಲಿ ಆಡಿಸಿ ಅವನ್ನು ಬಾಚುತ್ತಿದ್ದಳು. ನೋಡಿದರೆ ಎಣಿಸಬೇಕಾಗುತ್ತಿತ್ತು. ಎಣಿಕೆ ಹದಿನೈದರ ತನಕ ಹೋಗದೆ ಬಿಡುತ್ತಿರಲಿಲ್ಲ.

ಹದಿನೈದು ಏಂಜಲ್ ಮೀನುಗಳು ಸತ್ತು ಮೂವತ್ತು ವರ್ಷವಾಗಿತ್ತು.

ಮೀನು ಗಂಡನವು. ಒರೆಸ್ಟ್ ಟ್ರಾನ್ಸ್‌ಕೋನಾದ ರೈಲು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಮನೆಯ ನೆಲಮಾಳಿಗೆಯಲ್ಲಿ ಸೊಂಟದೆತ್ತರದ ಕಬ್ಬಿಣದ ಚೌಕಟ್ಟು ಮಾಡಿ ಅದರ ಮೇಲೆ ಗಾಜಿನ ತೊಟ್ಟಿ ಕೂರಿಸಿದ್ದ. ಮೀನಿನ ವಂಶಾವಳಿ, ಪ್ರದರ್ಶನದ ರಿಬ್ಬನ್ನು, ಮೀನು ಸಾಕುವವರ ಸಂಘದಲ್ಲಿ ಭಾಷಣ, ಎಲ್ಲ ಅವನದು. ನೀರು ವರ್ನಾಳದು. ಶಾಲೆಯ ಅಡುಗೆಮನೆಯಲ್ಲಿ ವಾರಕ್ಕೈದು ದಿನ ದುಡಿದವಳು ಭಾನುವಾರ ಬೆಳಗ್ಗೆ ಏಳಕ್ಕೆ ಹನ್ನೆರಡು ಬಕೆಟ್ ಕೊಳೆನೀರನ್ನು ಮೇಲಕ್ಕೆ, ಹನ್ನೆರಡು ಬಕೆಟ್ ಹೊಸ ನೀರನ್ನು ಕೆಳಕ್ಕೆ ಹೊರುತ್ತಿದ್ದಳು. ಚರ್ಚಿಗೆ ಹೊರಡುವ ಮೊದಲು ಮಧ್ಯಾಹ್ನದ ಹಿಟ್ಟನ್ನೂ ಕಲಸಿಡಬೇಕಿತ್ತು.

ತಪ್ಪಿಸಿದ್ದು ಒಂದೇ ಭಾನುವಾರ. ಆ ಜುಲೈನಲ್ಲಿ ಡಾಫಿನ್‌ನಲ್ಲಿದ್ದ ತಾಯಿ ತೀರಿಕೊಂಡಳು. ಮಣ್ಣು ಮಾಡಿ ಬುಧವಾರ ಹಿಂದಿರುಗಿದ ವರ್ನಾ ಕಪ್ಪು ಬಟ್ಟೆಯಲ್ಲೇ ನೆಲಮಾಳಿಗೆಗೆ ಇಳಿದಳು. ಹದಿನೈದೂ ಮೇಲೆ ತೇಲುತ್ತಿದ್ದವು. ಒರೆಸ್ಟ್ ರೇಗಾಡಲಿಲ್ಲ. "ಒಂದ್ ಭಾನುವಾರ, ವರ್ನಾ. ಒಂದೇ ಒಂದು," ಅಂದ, ಅಷ್ಟೇ.

ಸಂಘದಲ್ಲಿ ಅದು ಗಾದೆಯಾಯಿತು. ಯಾರು ಏನು ಮರೆತರೂ ಅಧ್ಯಕ್ಷ ಲಾರ್ನ್, "ಏನಪ್ಪಾ, ವರ್ನಾ ಭಾನುವಾರ ಮಾಡ್ಬಿಟ್ಯಾ?" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಕಾಫಿ ಬಗ್ಗಿಸುತ್ತ ಅವಳೂ ನಗುತ್ತಿದ್ದಳು.

ಒರೆಸ್ಟ್ ತೀರಿಹೋಗಿ ಎರಡು ಚಳಿಗಾಲ ಕಳೆದಿದ್ದವು. ತೊಟ್ಟಿಯಲ್ಲಿ ಈಗ ಏಳು ಸಣ್ಣ ಮೀನುಗಳಷ್ಟೇ ಇದ್ದವು. ಆದರೂ ಭಾನುವಾರ ಏಳಕ್ಕೆ ಕೆಳಗಿನಿಂದ ಗೊಳಗೊಳ ಸದ್ದು ಬರುತ್ತಿತ್ತು. ನೀರೆಳೆಯುವ ಕೊಳವೆ ಒಣಗಿ ಮೊಳೆಗೆ ನೇತಾಡುತ್ತಿರುವುದು ಅವಳಿಗೆ ಗೊತ್ತಿತ್ತು. ಹೆಗಲು ಮಾತ್ರ ಅವಳನ್ನು ಕೇಳದೆ ಏಳುತ್ತಿತ್ತು. ಇಳಿಯುತ್ತಿದ್ದಳು, ಹೊರುತ್ತಿದ್ದಳು. ಬೆನ್ನ ಹಿಂದೆ ಯಾರೋ ಎಣಿಸುತ್ತ ನಿಂತಂತೆ ಆಗುತ್ತಿತ್ತು.

ಮಾರ್ಚಿನ ಒಂದು ಶನಿವಾರ ಸಂಘದ ಹೊಸ ಕಾರ್ಯದರ್ಶಿ ಷಾಂಟಾಲ್ ಲ್ಯಾಪ್‌ಟಾಪ್ ಹಿಡಿದು ಬಂದಳು. ಸಂಘದ ವೆಬ್‌ಸೈಟಿಗೆ ಒಂದು ಲೆಕ್ಕದ ಯಂತ್ರ ಮಾಡುತ್ತಿದ್ದಳು: ತೊಟ್ಟಿಯ ಗಾತ್ರ, ಮೀನಿನ ಉದ್ದ ಹಾಕಿದರೆ ಎಷ್ಟು ಮೀನು ಬಿಡಬಹುದೆಂದು ಅದು ಹೇಳುತ್ತದೆ. ಸಂಘದ ಹಿರಿಯರ ನಿಯಮವೇ ಅದಕ್ಕೆ ಆಧಾರ: ಗ್ಯಾಲನ್ನಿಗೆ ಒಂದು ಇಂಚು ಮೀನು. ಅದಕ್ಕೆ ಒರೆಸ್ಟ್‌ನ ಹೆಸರಿಡಬೇಕೆಂಬುದು ಲಾರ್ನ್‌ನ ಆಸೆ.

"ಅಳತೆ ಯಾವುದರಲ್ಲಿ ಇಡೋದು ಅನ್ನೋದೇ ತಲೆನೋವು," ಎಂದಳು ಷಾಂಟಾಲ್. "ಲಾರ್ನ್ ಗ್ಯಾಲನ್ ಅಂತಾರೆ, ನಾನು ಲೀಟರ್ ಅಂತೀನಿ. ನೀವು ಹೇಳಿ. ನಿಮ್ಮನೇಲಿ ಏನು ನಡೆಯುತ್ತೆ?"

"ನಮ್ಮನೇಲಾ? ಹೊರಗಿನ ಚಳಿ ಸೆಲ್ಸಿಯಸ್ಸು, ಒಳಗಿನ ಓವನ್ನು ಫ್ಯಾರನ್‌ಹೀಟು. ಹಾಲು ಲೀಟರು, ಮಾಂಸ ಪೌಂಡು. ದಾರಿ ಕಿಲೋಮೀಟರು, ಗಂಡ ಆರಡಿ."

"ಇದಕ್ಕೆ ಗ್ಯಾಲನ್ ಅಂದ್ರೆ ಸಾಲ್ದು. ಯಾವ ಗ್ಯಾಲನ್ ಅಂತ ಕೇಳುತ್ತೆ."

"ಗ್ಯಾಲನ್ನಲ್ಲೂ ಜಾತಿ ಇದ್ಯಾ?"

"ಎರಡಿದೆ. ನಮ್ಮ ಹಳೇದು ದೊಡ್ಡದು, ಅಮೆರಿಕದ್ದು ಚಿಕ್ಕದು. ಅವರ ಆರು ಅಂದ್ರೆ ನಮ್ಮ ಐದು. ಹಿರಿಯರ ನಿಯಮ ಹಳೇ ಗ್ಯಾಲನ್ನಿಂದು. ಒಂದ್ಸಲ ನಿಮ್ಮ ತೊಟ್ಟೀನೇ ಹಾಕಿ ನೋಡೋಣ. ಎಷ್ಟು?"

"ತೊಂಬತ್ತು. ಚೀಟಿ ಇನ್ನೂ ಅಂಟ್ಕೊಂಡಿದೆ."

"ಮೀನು?"

ವರ್ನಾ ಈಗಿನ ಏಳನ್ನು ಹೇಳಲಿಲ್ಲ. "ಆರಿಂಚಿನ ಏಂಜಲ್. ಹದಿನೈದು."

ಪರದೆ ಹಸಿರಾಯಿತು. ಹದಿನೈದಾರಲೆ ತೊಂಬತ್ತು, ಕರಾರುವಾಕ್ಕು. ಒರೆಸ್ಟ್ ಲೆಕ್ಕ ತಪ್ಪುವವನಲ್ಲ.

"ತೊಟ್ಟಿ ಎಲ್ಲಿ ತಗೊಂಡಿದ್ದು?" ಎಂದು ಷಾಂಟಾಲ್ ಸುಮ್ಮನೆ ಕೇಳಿದಳು.

"ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ. ಆವಾಗೆಲ್ಲ ಟೈರು, ಚೀಸು, ಒಳಉಡುಪು ಎಲ್ಲಾ ಗಡಿ ದಾಟಿ ಅಮೆರಿಕಕ್ಕೆ ಹೋಗಿ ತರ್ತಿದ್ವಲ್ಲ."

ಹುಡುಗಿಯ ಬೆರಳು ನಿಂತಿತು. ನಂತರ ಅಮೆರಿಕದ ಗ್ಯಾಲನ್ನಿನ ಗುಂಡಿ ಒತ್ತಿತು. ಪರದೆ ಕೆಂಪಾಯಿತು. ತೊಟ್ಟಿ ಎಪ್ಪತ್ತೈದು ಗ್ಯಾಲನ್. ಮೀನು ಹನ್ನೆರಡು.

ವರ್ನಾ ಪರದೆಯತ್ತ ಬಾಗಿದಳು. "ಇಪ್ಪತ್ತೈದು ಬಕೆಟ್," ಎಂದಳು.

"ಏನದು?"

"ಮೊದಲ ದಿನ ನಾನೇ ತುಂಬಿಸಿದ್ದು. ನಮ್ಮ ಬಕೆಟ್ಟು ಹಳೇ ಅಳತೇದು, ಮೂರು ಗ್ಯಾಲನ್ ಹಿಡಿಯುತ್ತೆ. ಇಪ್ಪತ್ತೈದಕ್ಕೇ ತುಂಬ್ತು ಅಂತ ಹೇಳ್ದೆ. ಮೂವತ್ತು ಹಿಡೀಬೇಕು, ನಿಂಗೆ ಎಣಿಸೋಕೆ ಬರಲ್ಲ ಅಂದ."

ಆ ತೊಟ್ಟಿಯಲ್ಲಿ ಮೂರು ಮೀನು ಮೊದಲಿನಿಂದಲೂ ಹೆಚ್ಚಿದ್ದವು. ಆ ಮೂರನ್ನು ವಾರ ವಾರ ಬದುಕಿಸಿಕೊಂಡು ಬಂದದ್ದು ವರ್ನಾಳ ತೋಳು. ತೋಳು ಒಂದು ವಾರ ತಾಯಿಯ ಶವಪೆಟ್ಟಿಗೆಯ ಬಳಿ ಇದ್ದಾಗ, ಗಂಡನ ಲೆಕ್ಕ ತನ್ನಷ್ಟಕ್ಕೆ ನಿಲ್ಲಲಾರದೆ ಬಿದ್ದಿತು.

ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ಸಂಘದ ಸಭೆ. ಷಾಂಟಾಲ್ ಅಳತೆಯ ಮಾತೆತ್ತಿದಾಗ ವರ್ನಾ ಕಾಫಿಯ ಹೂಜಿಯನ್ನು ಕೆಳಗಿಟ್ಟು, ಎರಡು ಗ್ಯಾಲನ್ನುಗಳ ಕಥೆಯನ್ನು ಎಲ್ಲರಿಗೂ ಹೇಳಿದಳು. ನಿಧಾನವಾಗಿ ಹೇಳಿದಳು.

"ಪಾಪ, ಒರೆಸ್ಟ್‌ಗೆ ಗೊತ್ತೇ ಆಗ್ಲಿಲ್ಲ," ಎಂದರು ಯಾರೋ.

"ಹೌದು," ಎಂದಳು ವರ್ನಾ. "ಆಮೇಲೆ ಹೊಸದಾಗಿ ತಂದಾಗ ಹನ್ನೆರಡೇ ತಂದ. ನನ್ನ ಮೇಲೆ ನಂಬಿಕೆ ಹೋಯ್ತು, ಅದಕ್ಕೇ ಕಮ್ಮಿ ತಂದಿದಾನೆ ಅಂತ..."

ಮಾತು ಅಲ್ಲೇ ನಿಂತಿತು. ಹನ್ನೆರಡು. ಹತ್ತಲ್ಲ, ಹದಿಮೂರಲ್ಲ. ಅವಳು ಲಾರ್ನ್‌ನ ಕಡೆ ನೋಡಿದಳು. ಲಾರ್ನ್ ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ಎರಡು ಮಾಡಿದ, ನಾಲ್ಕು ಮಾಡಿದ.

ಸಭೆ ಚದುರಿದ ಮೇಲೆ ಅವನೇ ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತ. "ಅವನಿಗೆ ಆ ವರ್ಷವೇ ಗೊತ್ತಾಗಿತ್ತು, ವರ್ನಾ. ಹೆಪ್ಪುಗಟ್ಟಿದ ಕೆರೆ ಮೇಲೆ ಮೀನು ಹಿಡಿಯೋಕೆ ಹೋಗಿದ್ವಲ್ಲ, ಆಗ ಹೇಳ್ದ. ಹಾಳು ಅಮೆರಿಕದ ಗ್ಯಾಲನ್ ನನ್ನ ಕೆಡಿಸ್ತು ಅಂದ."

"ನಂಗ್ಯಾಕೆ ಹೇಳ್ಲಿಲ್ಲ?"

"ನಾನೂ ಅವನನ್ನ ಅದನ್ನೇ ಕೇಳ್ದೆ. ಹೇಳಿಬಿಟ್ರೆ ಅವಳು ಭಾನುವಾರ ನೀರು ಹೊರೋದೇ ಬಿಟ್ಬಿಡ್ತಾಳೆ ಕಣೋ ಅಂದ. ತಮಾಷೆಗೆ."

"ನೀನು ನಕ್ಕೆಯಾ?"

ಲಾರ್ನ್ ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸಿದ. "ನಕ್ಕೆ," ಎಂದ.

ಷಾಂಟಾಲ್ ಕೋಟು ತೊಟ್ಟು ಹೊರಡುತ್ತಿದ್ದಳು. ವರ್ನಾ ಅವಳನ್ನು ನಿಲ್ಲಿಸಿಕೊಂಡಳು. "ಲೀಟರ್ ಮಾತ್ರ ಇಡು. ಗ್ಯಾಲನ್ ಬೇಡ, ಎರಡೂ ಬೇಡ. ಚೀಟಿ ನಂಬಬೇಡಿ, ತೊಟ್ಟಿಗೆ ನೀರು ಸುರಿದು ಅಳೆಯಿರಿ ಅಂತ ಮೇಲ್ಗಡೆ ಬರಿ."

"ಹೆಸರು?"

"ಮೀನಿನ ಲೆಕ್ಕ ಅನ್ನು. ಸಾಕು."

ಲಾರ್ನ್ ಟೊಪ್ಪಿಗೆ ಹಾಕಿಕೊಂಡು ಹೊರಟ.

ಮುಂದಿನ ಭಾನುವಾರ ಏಳಕ್ಕೆ ಸದ್ದು ಬಂತು. ವರ್ನಾ ಅಡುಗೆಮನೆಯ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತೇ ಇದ್ದಳು. ಬುಧವಾರ ಕೆಳಗಿಳಿದು ನೋಡಿದಾಗ ಏಳು ಮೀನೂ ಓಡಾಡಿಕೊಂಡಿದ್ದವು, ಏನೂ ಆಗಿಲ್ಲವೆಂಬಂತೆ. ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಹನ್ನೆರಡು ಮೀನು ಬಂದ ದಿನದಿಂದ ಯಾವ ಭಾನುವಾರವನ್ನಾದರೂ ಬಿಡಬಹುದಿತ್ತು. ಡಾಫಿನ್‌ಗೆ ಮೂರೂವರೆ ಗಂಟೆಯ ದಾರಿ. ತಾಯಿಯ ವರ್ಷದ ಪ್ರಾರ್ಥನೆಗೆ ಅಕ್ಕ ಪ್ರತಿ ಜುಲೈನಲ್ಲೂ ಫೋನ್ ಮಾಡುತ್ತಿದ್ದಳು, ಭಾನುವಾರ ಬಾರೇ ಎಂದು. ಪ್ರತಿ ಜುಲೈನಲ್ಲೂ ವರ್ನಾ, ನೀರು ಬದಲಾಯಿಸಬೇಕು ಕಣೇ, ಎಂದಿದ್ದಳು. ಐದು ವರ್ಷದ ಹಿಂದೆ ಫೋನ್ ಬರುವುದು ನಿಂತಿತ್ತು. ಈಗ ಅಕ್ಕನೂ ತಾಯಿಯ ಪಕ್ಕದ ಮಣ್ಣಲ್ಲೇ ಇದ್ದಳು.