ಮೇಣ ತುಂಬಿದ ಶ್ರುತಿಪೆಟ್ಟಿಗೆ

ಮನೋರಮಾ ಶೇರಿಗಾರ್, ತೀರಿಕೊಂಡಾಗ ವಯಸ್ಸು ಐವತ್ತನಾಲ್ಕು. ಇನ್ನಂಜೆಯ ವಾದ್ಯದ ದೂಮ ಶೇರಿಗಾರರ ಕಿರಿಯ ಮಗಳು, ದೇವಸ್ಥಾನದಲ್ಲಿ ನಾಗಸ್ವರ ಊದುತ್ತಿದ್ದ ಭುಜಂಗ ಶೇರಿಗಾರರ ತಂಗಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಾರ್ಕಳಕ್ಕೆ ಕೊಟ್ಟಿದ್ದರು. ಮರುವರ್ಷ ಗಂಡ ವಿಷಮಜ್ವರದಲ್ಲಿ ಹೋದ ಮೇಲೆ ತವರಿಗೆ ಹಿಂತಿರುಗಿದರು. ಮಕ್ಕಳಿರಲಿಲ್ಲ. ಕಾಪುವಿನಲ್ಲಿ, ಪೇಟೆಯಿಂದ ಕಡಲಿಗೆ ಇಳಿಯುವ ದಾರಿಯ ಬದಿಯ ಹೆಂಚಿನ ಮನೆಯಲ್ಲಿ ಅಣ್ಣನೊಂದಿಗೆ ಇಪ್ಪತ್ತೈದು ವರ್ಷ ಇದ್ದು, ಅದರ ಚಾವಡಿಯಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳಿಗೆ ಸಂಗೀತ ಕಲಿಸಿದರು. ಅವರ ಬಗ್ಗೆ ಊರು ಒಳ್ಳೆಯದನ್ನೇ ಹೇಳುತ್ತದೆ, ಅದರಲ್ಲಿ ಹೆಚ್ಚಿನದು ನಿಜ. ಆದರೆ ನಿಜವಲ್ಲದ ಒಂದು ಮಾತನ್ನು ಅವರೇ ಊರಿನ ಬಾಯಿಗೆ ಕೊಟ್ಟಿದ್ದರು. ಆ ಮಾತು ಎರ್ಮಾಳಿನ ಗುಣವತಿ ಎಂಬ ಹೆಂಗಸಿನ ಮೇಲೆ ಇಂದಿಗೂ ಇರುವುದರಿಂದ ಇದನ್ನು ಬರೆಯಬೇಕಾಯಿತು.

ಮನೋರಮಾ ಅವರಿಗೆ ವಿದ್ಯೆ ಬಂದದ್ದು ಉಡುಪಿಯ ಒಬ್ಬ ವೃದ್ಧ ಸಂಗೀತಗಾರರಿಂದ. ಅವರ ಮನೆಯ ಒಳಗೆ ಐದಾರು ಶಿಷ್ಯರು ಚಾಪೆಯ ಮೇಲೆ ಕುಳಿತು ಕಲಿಯುತ್ತಿದ್ದರು. ವಾದ್ಯದವರ ಮಗಳಾದ ಇವರಿಗೆ ಜಗಲಿಯ ಕೆಳಗಿನ ಮೆಟ್ಟಿಲು. ಎಂಟು ವರ್ಷ ಆ ಮೆಟ್ಟಿಲಿನ ಮೇಲೆ ಕುಳಿತು, ಬಾಗಿಲಿನಿಂದ ಹೊರಬಂದಷ್ಟನ್ನು ಕಿವಿಯಲ್ಲಿ ಹಿಡಿದು ಕಲಿತರು. ಕೊನೆಗಾಲದಲ್ಲಿ ಗುರುಗಳು ಒಳಗಿನವರನ್ನೆಲ್ಲ ಬಿಟ್ಟು ಇವರನ್ನು ಕರೆದರು. ತಮ್ಮ ಶ್ರುತಿಪೆಟ್ಟಿಗೆಯ ತೂತುಗಳಲ್ಲಿ ಆರನೆಯ ಮನೆಯ ಷಡ್ಜ ಪಂಚಮಗಳೆರಡನ್ನು ಬಿಟ್ಟು ಉಳಿದವನ್ನೆಲ್ಲ ಜೇನುಮೇಣದಿಂದ ಮುಚ್ಚಿದರು. ಮನೆ ಎಂದರೆ ದನಿಯ ಎತ್ತರದ ಅಳತೆ. ಹಾಡುವವರ ಶಾರೀರಕ್ಕೆ ತಕ್ಕಂತೆ ಪೆಟ್ಟಿಗೆಯಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ. ಆರು ಎತ್ತರದ್ದು. ಒಳಗೆ ಕುಳಿತ ಯಾರ ದನಿಯೂ ಅಲ್ಲಿಗೆ ಸಲೀಸಾಗಿ ಹೋಗುತ್ತಿರಲಿಲ್ಲ. ಇದು ನಿನ್ನ ಮನೆ, ಇದರಿಂದ ಇಳಿಯಬೇಡ ಎಂದು ಹೇಳಿ ಗುರುಗಳು ಪೆಟ್ಟಿಗೆಯನ್ನು ಮೆಟ್ಟಿಲಿನವರೆಗೆ ತಾವೇ ತಂದು ಕೊಟ್ಟರಂತೆ.

ಆ ಪೆಟ್ಟಿಗೆಯೊಂದಿಗೆ ಅವರು ಪಾಠ ಹೇಳತೊಡಗಿದರು. ಬ್ಯಾಂಕಿನವರ, ಡಾಕ್ಟರರ, ಬಟ್ಟೆಯಂಗಡಿಯವರ ಮಕ್ಕಳು ಬರುತ್ತಿದ್ದರು. ಎಲ್ಲರಿಗೂ ಒಂದೇ ಚಾಪೆ. ಮೆಟ್ಟಿಲಿನಲ್ಲಿ ಯಾರನ್ನೂ ಕೂರಿಸಲಿಲ್ಲ. ಪುಸ್ತಕ ತಂದವರನ್ನು ಹಿಂದೆ ಕಳುಹಿಸುತ್ತಿದ್ದರು. ಅವರು ಹಾಡುವರು, ಮಕ್ಕಳು ಹೇಳುವರು. ಸರಳೆ ವರಸೆಯನ್ನು ಮೂರು ಕಾಲದಲ್ಲಿ ತಪ್ಪದೆ ಹೇಳುವವರೆಗೆ ಮುಂದಿನ ಪಾಠವಿಲ್ಲ. ತಾಳ ತಪ್ಪಿದ ಮಗುವಿನ ತೊಡೆಯ ಮೇಲೆ ಅವರ ಕೈಯೇ ತಾಳ ಹಾಕುತ್ತಿತ್ತು, ಮೆಲ್ಲಗೇನೂ ಅಲ್ಲ. ದನಿ ಮೇಲೆ ಹೋಗದ ಮಗುವಿಗೆ ಶ್ರುತಿ ಇಳಿಸಿ ಕೊಡುವ ಕ್ರಮವೇ ಅವರಲ್ಲಿ ಇರಲಿಲ್ಲ. ಇಳಿಸಲು ಪೆಟ್ಟಿಗೆಯಲ್ಲಿ ಬೇರೆ ಮನೆ ಇರಲಿಲ್ಲವಲ್ಲ. ಹೋಗದ ಮಕ್ಕಳು ಒಂದು ವರ್ಷದಲ್ಲಿ ತಾವಾಗಿ ಬಿಟ್ಟು ಹೋಗುತ್ತಿದ್ದರು. ಅದರಿಂದ ಯಾರಿಗೂ ಕೇಡಾಗಲಿಲ್ಲ, ಒಂದು ಮಗುವಿನ ಹೊರತು.

ಗುಣವತಿಯ ಮನೆ ನಮ್ಮ ಬೇಲಿಯಾಚೆ. ಗಂಡ ಶೀನ ದೋಣಿಗೆ ಹೋಗುವವನು, ಅವಳು ಬೀಡಿ ಕಟ್ಟುವವಳು. ಮಗಳು ವಾರಿಜ ತಾಯಿ ಬೀಡಿ ಕಟ್ಟುವ ಮೊರದ ಎದುರು ಕುಳಿತು ಬೀಡಿಗೆ ನೂಲು ಸುತ್ತುತ್ತ, ಪಕ್ಕದ ರೇಡಿಯೋದಲ್ಲಿ ಬಂದದ್ದನ್ನು ಒಮ್ಮೆ ಕೇಳಿದರೆ ಹಾಗೆಯೇ ತಿರುಗಿ ಹೇಳುತ್ತಿದ್ದಳು. ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ, ಅವಳಿಗೆ ಎಂಟು ತುಂಬಿದಾಗ, ಗುಣವತಿ ಅವಳನ್ನು ಬಸ್ಸು ಹತ್ತಿಸಿ ಕಾಪುವಿಗೆ ಕರೆದೊಯ್ದಳು. ಮನೋರಮಾ ತಾಯಿಯ ಕೈಯನ್ನು ಮೂಸಿ ನೋಡಿದವರಂತೆ ಮುಖ ತಿರುಗಿಸಿ, ಮಗುವಿಗೆ ಹಾಡು ಎಂದರು. ಹಾಡು ಮುಗಿದ ಮೇಲೆ ತಾಯಿಗೆ ಹೇಳಿದರು:

"ನಾಳೆಯಿಂದ ಕಳುಹಿಸು. ತಡ ಮಾಡಿ ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ."

ಬಾಗಿಲು ಹಾಕುವ ಸಂದರ್ಭ ಒಂದು ದಿನವೂ ಬರಲಿಲ್ಲ. ಬೇರೆಯವರು ಎಂಟು ವರ್ಷದಲ್ಲಿ ಕಲಿಯುವಷ್ಟನ್ನು ವಾರಿಜ ಎರಡು ವರ್ಷದಲ್ಲಿ ಕಲಿತಳು. ಅಷ್ಟರಲ್ಲಿ ಮನೋರಮಾ ಅವರ ಸ್ವಂತ ದನಿ ಕೆಡತೊಡಗಿತ್ತು. ಮೇಲಿನ ಷಡ್ಜದಲ್ಲಿ ಮೊದಲು ಒಂದು ಬಿರುಕು, ಆಮೇಲೆ ಕೆಮ್ಮು. ಶ್ರುತಿ ಇಳಿಸಿ ಹಾಡಿದ್ದರೆ ಇನ್ನೂ ಹತ್ತು ವರ್ಷ ಹಾಡುತ್ತಿದ್ದರೆಂದು ಭುಜಂಗ ಶೇರಿಗಾರರು ನನಗೆ ಹೇಳಿದ್ದಾರೆ. ಇಳಿಸಬೇಕಾದರೆ ಮೇಣ ತೆಗೆಯಬೇಕು; ತೆಗೆದರೆ ದನಿ ಬಿದ್ದದ್ದು ಊರಿಗೆ ತಿಳಿಯುತ್ತದೆ. ಅವರು ಬೇರೊಂದು ದಾರಿ ಹಿಡಿದರು. ತಾವು ಪೆಟ್ಟಿಗೆಯ ತಿದಿ ಒತ್ತುತ್ತ ಕುಳಿತು, ಮಕ್ಕಳಿಗೆ ಹಾಡಿ ತೋರಿಸುವ ಕೆಲಸವನ್ನು ಹತ್ತು ವರ್ಷದ ವಾರಿಜಳಿಗೆ ಒಪ್ಪಿಸಿದರು. ಶಾಲೆ ಬಿಟ್ಟ ಮೇಲೆ ಮೂರು ತಂಡ, ಶನಿವಾರ ಆದಿತ್ಯವಾರಗಳಲ್ಲಿ ಐದು. ಊರಿನವರು ಅದನ್ನು ಮಗುವಿಗೆ ಸಿಕ್ಕ ಗೌರವವೆಂದೇ ತಿಳಿದರು. ಗುಣವತಿಯೂ ಹಾಗೆಯೇ ತಿಳಿದಳು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ಸಾಲಿನಲ್ಲಿ ನಿಂತಾಗ ಅವಳಿಗೆ ಬೇರೆ ಮಾತೇ ಇರುತ್ತಿರಲಿಲ್ಲ.

ವಾರಿಜಳದ್ದು ತಗ್ಗಿನ ಶಾರೀರ. ಅದನ್ನು ಮೊದಲು ಕಂಡುಹಿಡಿದವರು ಭುಜಂಗ ಶೇರಿಗಾರರು. ಅವರು ಪಾಠದ ಹೊತ್ತಿನಲ್ಲಿ ಹಿಂದಿನ ಜಗಲಿಯಲ್ಲಿ ಕುಳಿತು ನಾಗಸ್ವರದ ಪೀಪಿ ಕೆತ್ತುತ್ತಿದ್ದರು.

"ಮಾರಾಯ್ತಿ, ಆ ಮಗುವಿನ ಸ್ವರ ನಾಲ್ಕನೇ ಮನೆಯದ್ದು. ಕುತ್ತಿಗೆಯ ನರ ಉಬ್ಬುವುದು ನಿನಗೆ ಕಾಣುವುದಿಲ್ಲವಾ? ಮೇಣ ತೆಗೆ."

"ಮೆಟ್ಟಿಲಲ್ಲಿ ಕೂತವಳು ನಾನು, ನೀನಲ್ಲ," ಎಂದರಂತೆ ತಂಗಿ. "ಅವಳನ್ನು ಮೇಲೆ ಹತ್ತಿಸುತ್ತಿದ್ದೇನೆ, ಇಳಿಸಲಿಕ್ಕೆ ಹೇಳಬೇಡ."

ಎಂಬತ್ತರ ಆಟಿ ತಿಂಗಳಿನಲ್ಲಿ, ಮಳೆಗಾಲದ ನಡುವೆ, ವಾರಿಜಳ ದನಿ ಒಡೆಯಿತು. ಬೆಳಿಗ್ಗೆ ಎದ್ದರೆ ಮಾತು ಬರಲು ಒಂದು ಗಂಟೆ ಬೇಕಾಗುತ್ತಿತ್ತು. ನವರಾತ್ರಿಗೆ ಉಡುಪಿಯಲ್ಲಿ ಮಕ್ಕಳ ಸಂಗೀತ ಸ್ಪರ್ಧೆ ಇತ್ತು. ಮನೋರಮಾ ತಮ್ಮ ಶಿಷ್ಯರಲ್ಲಿ ಅವಳೊಬ್ಬಳ ಹೆಸರನ್ನು ಕೊಟ್ಟಿದ್ದರು. ಗುಣವತಿ ಹೆದರಿ ಓಡಿ ಹೋದಳು. ಚಾವಡಿಯ ತುಂಬ ಮಕ್ಕಳು, ಕರೆದೊಯ್ಯಲು ಬಂದ ತಾಯಂದಿರು ಬಾಗಿಲಲ್ಲಿ. ಅವರೆಲ್ಲರ ಎದುರು ಮನೋರಮಾ ಹೇಳಿದರು:

"ನಿನ್ನ ಹೊಗೆಸೊಪ್ಪಿನ ಧೂಳು, ಗುಣವತಿ. ಹುಟ್ಟಿದಂದಿನಿಂದ ಅದನ್ನೇ ಕುಡಿದಿದ್ದಾಳೆ. ನಾನು ಕಟ್ಟಿದ್ದನ್ನು ನೀನು ಮೊರದಲ್ಲಿ ಇಟ್ಟು ಹಾಳು ಮಾಡಿದೆ."

ಗುಣವತಿ ಮನೆಗೆ ಬಂದು, ಎಲೆಯ ಕಟ್ಟನ್ನೂ ಸೊಪ್ಪಿನ ಡಬ್ಬಿಯನ್ನೂ ಬ್ರಾಂಚಿಗೆ ಒಪ್ಪಿಸಿ, ಮೊರವನ್ನು ಒಲೆಗೆ ಹಾಕಿದಳು. ಮರುದಿನದಿಂದ ಕಡಲ ಬದಿಯಲ್ಲಿ ಮೀನು ಸೀಳಿ ಉಪ್ಪು ಹಾಕುವ ಕೆಲಸಕ್ಕೆ ಹೋದಳು. ಮನೆಯ ನೆರಳಿನಲ್ಲಿ ಕುಳಿತು ಮಾಡುತ್ತಿದ್ದ ಕೆಲಸ ಬಿಟ್ಟು ಬಿಸಿಲಿಗೆ ಹೋದದ್ದಕ್ಕೆ ಶೀನ ಬೈದ. ಉಪ್ಪು ಬೆರಳ ಸಂದುಗಳನ್ನು ತಿಂದು, ಅವಳು ಅನ್ನ ಕಲಸಲು ಎಡಗೈ ಬಳಸುವಂತಾಯಿತು. ಮಗಳ ದನಿ ಒಂದು ತಿಂಗಳಲ್ಲಿ ಬರುತ್ತದೆಂದು ಎಣಿಸಿದ್ದಳು.

ಬರಲಿಲ್ಲ. ಪಾಠವೂ ನಿಲ್ಲಲಿಲ್ಲ. ಸಾಧನೆ ಮಾಡಿದರೆ ಕಟ್ಟಿದ ದನಿ ಬಿಡುತ್ತದೆಂದು ಮನೋರಮಾ ಬೆಳಗಿನ ಪಾಠವೊಂದನ್ನು ಹೆಚ್ಚಿಸಿದರು. ಇದನ್ನು ಅವರು ನಂಬಿ ಮಾಡಿದರೋ, ನಂಬಲೇಬೇಕಾಗಿ ಮಾಡಿದರೋ, ನಾನು ಹೇಳಲಾರೆ.

ಉಡುಪಿಯ ವೇದಿಕೆಯಲ್ಲಿ ವಾರಿಜ ಹಸಿರು ಲಂಗ ಉಟ್ಟು ಕುಳಿತಿದ್ದಳು. ಪಕ್ಕದಲ್ಲಿ ಮನೋರಮಾ, ಪೆಟ್ಟಿಗೆ. ಕೆಳಗಿನ ಸ್ವರಗಳು ಹೇಗೋ ಸಾಗಿದವು. ಮೇಲಿನ ಷಡ್ಜಕ್ಕೆ ಹೋದಾಗ ಅವಳ ಬಾಯಿ ತೆರೆದೇ ಇತ್ತು, ಅದರಿಂದ ಗಾಳಿ ಮಾತ್ರ ಬಂತು. ಅವಳು ಇನ್ನೊಮ್ಮೆ ಯತ್ನಿಸಿದಳು. ಮೂರನೆಯ ಸಲ ಮುಖವನ್ನು ಅವರತ್ತ ತಿರುಗಿಸಿದಳು. ಮನೋರಮಾ ತಿದಿ ಒತ್ತುವುದನ್ನು ನಿಲ್ಲಿಸಲಿಲ್ಲ. ಸಭೆಯಲ್ಲಿ ಸ್ವಲ್ಪ ಹೊತ್ತು ಶ್ರುತಿ ಒಂದೇ ಕೇಳುತ್ತಿತ್ತು. ಆಮೇಲೆ ಯಾರೋ ಬಂದು ಮಗುವನ್ನು ಎಬ್ಬಿಸಿ ಕರೆದೊಯ್ದರು.

ಮಣಿಪಾಲದ ಆಸ್ಪತ್ರೆಯಲ್ಲಿ ಗಂಟಲಿನ ಡಾಕ್ಟರರು ಕನ್ನಡಿ ಇಟ್ಟು ನೋಡಿ, ಗುಣವತಿಗೆ ವಿವರವಾಗಿ ಹೇಳಿ, ಚೀಟಿಯಲ್ಲಿಯೂ ಬರೆದು ಕೊಟ್ಟರು. ತಾನು ಕೇಳಿದ್ದರ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ, ಚೀಟಿಯನ್ನು ನನ್ನ ಬಳಿ ತಂದಳು. ಆಗ ನಾನು ಹಗಲು ಬೀಡಿ ಕಟ್ಟಿ ಸಂಜೆ ಶಾಲೆಗೆ ಹೋಗುತ್ತಿದ್ದೆ. ಮೂವತ್ತು ದಾಟಿದ ಮೇಲೆ ಕಲಿತ ಇಂಗ್ಲಿಷಿನಲ್ಲಿ, ಶಬ್ದಕೋಶ ಹಿಡಿದು ಎರಡು ಸಂಜೆ ಕುಳಿತು ಅದನ್ನು ಓದಿದೆ. ದನಿಯ ತಂತುಗಳೆರಡರಲ್ಲೂ ಗಂಟು. ಕಾರಣ, ತನ್ನದಲ್ಲದ ಎತ್ತರದಲ್ಲಿ ದೀರ್ಘಕಾಲ ಬಲವಂತವಾಗಿ ಹಾಡಿದ್ದು. ಆರು ತಿಂಗಳು ಮಾತೂ ಕೂಡದು. ತಾಯಿ ಕೇಳಿದ್ದರಿಂದ, ಹೊಗೆಸೊಪ್ಪಿನಿಂದ ಆದದ್ದಲ್ಲವೆಂದು ಪ್ರತ್ಯೇಕವಾಗಿ ಬರೆದಿದ್ದರು.

ಆ ಚೀಟಿ ಹಿಡಿದು ಗುಣವತಿ ಕಾಪುವಿಗೆ ಹೋದಳು. ಓದಿ ಹೇಳಲು ನಾನೂ ಹೋದೆ. ಮನೋರಮಾ ಪೂರ್ತಿ ಕೇಳಿದರು.

"ಡಾಕ್ಟರರಿಗೆ ಸಂಗೀತ ಎಂತ ಗೊತ್ತುಂಟು?" ಎಂದರು. ಅವರ ದನಿಯೂ ಆಗ ಅರ್ಧ ಗಾಳಿಯೇ ಆಗಿತ್ತು.

"ಟೀಚರ್, ಅವತ್ತು ಎಲ್ಲರ ಎದುರು ಹೇಳಿದ್ದೀರಿ," ಎಂದಳು ಗುಣವತಿ. "ಧೂಳು ಅಲ್ಲ ಅಂತ ಅವರ ಎದುರೇ ಒಮ್ಮೆ ಹೇಳಿ. ಬೇರೆ ಎಂತದೂ ಬೇಡ ನನಗೆ."

ಮನೋರಮಾ ಎದ್ದು ಒಳಗೆ ಹೋದರು. ನಾವು ಹೊರಡುವವರೆಗೆ ಹೊರಗೆ ಬರಲಿಲ್ಲ.

ಚಾವಡಿಯಲ್ಲಿ ಹೇಳಿದ ಮಾತು ಅಷ್ಟರಲ್ಲಿ ಊರಿನ ಮಾತಾಗಿತ್ತು. ದುಡಿಮೆಯ ಆಸೆಗೆ ಮಗಳ ಗಂಟಲು ತಿಂದವಳು ಎಂದು ಬಸ್ಸಿನಲ್ಲಿ, ಬಾವಿಕಟ್ಟೆಯಲ್ಲಿ ಗುಣವತಿಯ ಬೆನ್ನ ಹಿಂದೆ ಆಡುತ್ತಿದ್ದರು. ಬೀಡಿ ಕಟ್ಟುವ ಹೆಂಗಸರೇ ತಮ್ಮ ಮಕ್ಕಳನ್ನು ಮೊರದ ಹತ್ತಿರದಿಂದ ಎಬ್ಬಿಸುವಾಗ ಅವಳ ಹೆಸರು ಹೇಳುತ್ತಿದ್ದರು. ಧೂಳಲ್ಲವೆಂದು ತಿಳಿದ ಮೇಲೂ ಅವಳು ಬೀಡಿಗೆ ಹಿಂತಿರುಗಲಿಲ್ಲ. ಮೊರ ಹಿಡಿದು ಕುಳಿತರೆ ನೋಡಿದವರು ಏನು ಹೇಳುತ್ತಾರೆಂದು ಅವಳಿಗೆ ಗೊತ್ತಿತ್ತು. ವಾರಿಜ ಆರು ತಿಂಗಳು ಸ್ಲೇಟಿನಲ್ಲಿ ಬರೆದು ಮಾತಾಡಿದಳು. ಮಾತು ತಿರುಗಿ ಬಂತು, ಒರಟಾಗಿ, ಹಾಡು ಬರಲಿಲ್ಲ. ಹದಿನಾರಕ್ಕೆ ಬಲೆ ನೇಯುವ ಕೆಲಸಕ್ಕೆ ಸೇರಿದಳು.

ಇತ್ತ ಮನೋರಮಾ ಅವರ ಚಾಪೆಯಲ್ಲಿ ಮಕ್ಕಳು ಕಡಮೆಯಾದರು. ಹಾಡಿ ತೋರಿಸುವವರು ಯಾರೂ ಇರಲಿಲ್ಲ, ಪುಸ್ತಕ ಅವರು ಒಲ್ಲರು. ಎಂಬತ್ತೈದರಲ್ಲಿ ಕೊನೆಯ ಮಗುವೂ ಬಿಟ್ಟಿತು. ಅವರ ಗಂಟಲಿನಲ್ಲಿ ಗಡ್ಡೆ ಬೆಳೆದಿತ್ತು. ಮಣಿಪಾಲಕ್ಕೆ ಬಾ ಎಂದು ಅಣ್ಣ ಕೈ ಹಿಡಿದರೂ ಹೋಗಲಿಲ್ಲ. ಆ ಡಾಕ್ಟರರ ಎದುರು ಬಾಯಿ ತೆರೆಯುವುದಿಲ್ಲವೆಂದರಂತೆ.

ಎಂಬತ್ತೇಳರ ಮೇ ತಿಂಗಳಿನ ಒಂದು ಮಧ್ಯಾಹ್ನ ಅವರು ಒಬ್ಬರೇ ಬಸ್ಸಿನಲ್ಲಿ ಎರ್ಮಾಳಿಗೆ ಬಂದರು. ಗುಣವತಿಯ ಅಂಗಳದಲ್ಲಿ ಮೀನು ಒಣಗಲು ಹಾಕಿತ್ತು. ಅವಳು ಕೋಲು ಹಿಡಿದು ಕಾಗೆ ಓಡಿಸುತ್ತ ಕುಳಿತಿದ್ದಳು. ವಾರಿಜ ಚಾಪೆ ತಂದಳು. ಮನೋರಮಾ ಚಾಪೆಯ ಮೇಲೆ ಕೂರದೆ ಮೆಟ್ಟಿಲಿನ ಮೇಲೆ ಕುಳಿತರು. ಅವರ ಮಾತು ಕೇಳಬೇಕಾದರೆ ಹತ್ತಿರ ಬಾಗಬೇಕಿತ್ತು.

"ಧೂಳಲ್ಲ, ಗುಣವತಿ. ಅವಳ ಸ್ವರ ನಾಲ್ಕರದ್ದು ಅಂತ ನನಗೆ ಮೊದಲ ದಿನವೇ ಗೊತ್ತಿತ್ತು."

ಗುಣವತಿ ಕೋಲನ್ನು ಕೆಳಗಿಡಲಿಲ್ಲ. "ನನಗೂ ಗೊತ್ತುಂಟು ಟೀಚರ್. ಏಳು ವರ್ಷ ಆಯಿತು. ನನಗೆ ಹೇಳಿ ಎಂತ ಆಗಬೇಕು? ಅವರಿಗೆ ಹೇಳಿ."

"ನವರಾತ್ರಿಗೆ ಹೇಳುತ್ತೇನೆ. ಶಾರದಾ ಪೂಜೆಗೆ ಎಲ್ಲ ಬರುತ್ತಾರೆ. ನೀನೂ ಬಾ."

ಪ್ರತಿ ವರ್ಷ ಆ ಪೂಜೆಗೆ ಹಳೆಯ ಶಿಷ್ಯರು, ಅವರ ತಾಯಂದಿರು ಕೂಡಿ, ಪೆಟ್ಟಿಗೆಯನ್ನು ಮಣೆಯ ಮೇಲಿಟ್ಟು ಹೂ ಹಾಕುವ ಕ್ರಮವಿತ್ತು. ವಾರಿಜ ಅವರನ್ನು ಬಸ್ಸಿನವರೆಗೆ ಬಿಟ್ಟು ಬಂದಳು. ದಾರಿಯಲ್ಲಿ ಏನು ಹೇಳಿದರೆಂದು ತಾಯಿ ಕೇಳಿದಾಗ, ನನ್ನ ಕುತ್ತಿಗೆ ಮುಟ್ಟಿ ನೋಡಿದರು ಎಂದಳು.

ಆ ಎರಡು ತಿಂಗಳು ಗುಣವತಿ ದಿನ ಎಣಿಸಿದ್ದನ್ನು ನಾನು ಕಂಡಿದ್ದೇನೆ. ಉಡಲು ಒಂದು ಸೀರೆಯನ್ನು ಒಗೆದು ಮಡಚಿ ಇಟ್ಟಿದ್ದಳು. ಜುಲೈ ಇಪ್ಪತ್ತೆಂಟರಂದು, ಆಟಿಯ ಮಳೆಯಲ್ಲಿ, ಮನೋರಮಾ ಶೇರಿಗಾರ್ ತೀರಿಕೊಂಡರು. ನವರಾತ್ರಿಗೆ ಇನ್ನೂ ಎರಡು ತಿಂಗಳಿತ್ತು. ಆ ವರ್ಷ ಆ ಮನೆಯಲ್ಲಿ ಪೂಜೆ ಆಗಲಿಲ್ಲ, ಯಾರೂ ಕೂಡಲಿಲ್ಲ. ಅವರು ಹೇಳಬೇಕಾಗಿದ್ದ ಮಾತನ್ನು ಕೇಳಿದವರು ಗುಣವತಿ, ವಾರಿಜ, ಬೇಲಿ ದಾಟಿ ಬಂದು ಪಕ್ಕದಲ್ಲಿ ನಿಂತಿದ್ದ ನಾನು. ತಾಯಿ ಮಗಳು ಹೇಳಿದರೆ ಯಾರು ನಂಬುತ್ತಾರೆ?

ಅವರು ಬಿಟ್ಟು ಹೋದವು ಇವು:

ನಾಲ್ಕು ಹತ್ತಿ ಸೀರೆ, ಒಂದು ರೇಷ್ಮೆ ಸೀರೆ. ರೇಷ್ಮೆಯದ್ದು ಉಡುಪಿಯ ಸ್ಪರ್ಧೆಯ ದಿನ ಉಟ್ಟದ್ದು, ಆಮೇಲೆ ಉಟ್ಟಿಲ್ಲ.

ಎಂಟು ಮಕ್ಕಳು ಕೂರುವಷ್ಟು ಉದ್ದದ ಚಾಪೆ, ಒಂದು ಅಂಚು ಗೆದ್ದಲು ತಿಂದದ್ದು.

ಗುರುಗಳ ಒಂದು ಫೋಟೋ, ಕಟ್ಟಿಲ್ಲದ್ದು.

ಅರ್ಧ ಖಾಲಿಯಾದ ಜೇನಿನ ಸೀಸೆ, ಒಂದು ತುಂಡು ಜ್ಯೇಷ್ಠಮಧು.

ಅಣ್ಣ ಭುಜಂಗ, ವಯಸ್ಸು ಅರವತ್ತೊಂದು. ಈಗ ನಾಗಸ್ವರ ಊದುವುದಿಲ್ಲ.

ಶ್ರುತಿಪೆಟ್ಟಿಗೆ. ನಾಲ್ಕನೆಯ ಮನೆಯ ಷಡ್ಜದ ಮೇಣವನ್ನು ಹೊಲಿಗೆಯ ಸೂಜಿಯಿಂದ ಪೂರ್ತಿ ತೆಗೆದಿದ್ದಾರೆ. ಪಂಚಮದ್ದನ್ನು ಅರ್ಧ ತೆಗೆದು ಬಿಟ್ಟಿದ್ದಾರೆ, ಸೂಜಿ ಅಲ್ಲೇ ಮುರಿದಿದೆ.

ವಾರಿಜ, ವಯಸ್ಸು ಹತ್ತೊಂಬತ್ತು.

ಗುಣವತಿಯ ಮೇಲಿನ ಮಾತು.