ಕಂದು ಗೆರೆ ಇಲ್ಲದ ಕಡೆ

ಮೊನ್ನೆ ಲ್ಯಾಬಿನಲ್ಲಿ ಸ್ಲೈಡಿಗೆ ಬಳಸುವ ಝೈಲೀನ್ ಬಾಟಲಿ ಕೈಜಾರಿ ಒಡೆಯಿತು. ಪೆಟ್ರೋಲಿನಂಥ ಆ ವಾಸನೆ ಮೂಗಿಗೆ ಅಡರಿದಾಗ ಟೀಚರ್ ನೆನಪಾದರು. ಅವರು ಲ್ಯಾಬಿಗೆ ಬಂದ ದಿನವೂ ಇದೇ ವಾಸನೆ... ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು.

ವಕ್ಕಲೇರಿಯಲ್ಲಿ ಓದುವಾಗ ನಮಗೆ ವಿಜ್ಞಾನ ಕಲಿಸಿದವರು ಅವರು. ಈರುಳ್ಳಿಯ ತೆಳುಪೊರೆ ಸುಲಿದು, ಒಂದಕ್ಕೊಂದು ಅಂಟಿಕೊಂಡ ಜೀವಕೋಶಗಳನ್ನು ನನಗೆ ಮೊದಲ ಸಲ ತೋರಿಸಿದ್ದೂ ಅವರೇ. ಮುಂದೆ ನಾನು ಕೋಲಾರದ ಲ್ಯಾಬೊಂದರಲ್ಲಿ ಟೆಕ್ನಿಷಿಯನ್ ಆದೆ.

ಮೂತ್ರದಲ್ಲಿ ರಕ್ತ ಕಂಡಾಗ ಕಲ್ಲಿರಬೇಕು ಅಂದುಕೊಂಡು ಅವರು ತಿಂಗಳುಗಟ್ಟಲೆ ಬಾಳೆದಿಂಡಿನ ರಸ ಕುಡಿದಿದ್ದರು. ನಮ್ಮ ಕಡೆಯ ನೀರಿಗೆ ಕಲ್ಲು ಯಾರಿಗಿಲ್ಲ? ಕೊನೆಗೆ ಸ್ಕ್ಯಾನ್‌ನಲ್ಲಿ ಗಡ್ಡೆ ಸಿಕ್ಕಿತು. ಎಡಗಡೆಯ ಮೂತ್ರಪಿಂಡ ತೆಗೆದರು. ಅದರ ಚೂರುಗಳು ಪರೀಕ್ಷೆಗೆ ಬಂದದ್ದು ನನ್ನ ಟೇಬಲ್ಲಿಗೆ. ಚೀಟಿಯಲ್ಲಿದ್ದ ಹೆಸರನ್ನು ಎರಡೆರಡು ಸಲ ಓದಿದೆ.

ರಿಪೋರ್ಟಿಗೆ ಒಬ್ಬರೇ ಬಂದರು. ಡಾಕ್ಟರು ಊಟಕ್ಕೆ ಹೋಗಿದ್ದರು.

"ನಾನೇ ನೋಡ್ತೀನಿ ಕಣೋ. ನಂದೇ ಅಲ್ವಾ?"

ಮೈಕ್ರೋಸ್ಕೋಪಿನ ಕೆಳಗೆ ಸ್ಲೈಡು ಇಟ್ಟೆ. ಕೋಶಗಳ ನಡುವಿನ ಬೆಸುಗೆ ಕಂದು ಬಣ್ಣದಲ್ಲಿ ಕಾಣುವಂತೆ ಮಾಡಿದ ಸ್ಲೈಡು ಅದು. ಮೊದಲು ಚೆನ್ನಾಗಿದ್ದ ಭಾಗವನ್ನು ತೋರಿಸಿದೆ. ಕೋಶಕೋಶದ ಸುತ್ತ ಸಣ್ಣ ಕಂದು ಗೆರೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು... ಆದರೆ ಅವರೇ ತಿರುಪು ತಿರುಗಿಸಿ ಗಡ್ಡೆಯ ಕಡೆ ಸರಿದರು. ಅಲ್ಲಿ ಗೆರೆ ಮಾಸಿ, ತುಂಡಾಗಿತ್ತು. ಅಂಚಿನಲ್ಲಂತೂ ಇರಲೇ ಇಲ್ಲ. ಅಲ್ಲಿನ ಕೋಶಗಳು ಉದ್ದುದ್ದ ಎಳೆದುಕೊಂಡು, ಒಂದನ್ನೊಂದು ಬಿಟ್ಟು, ಹೊರಗಿನ ಕೊಬ್ಬಿನೊಳಗೆ ನುಗ್ಗಿದ್ದವು.

"ಇಲ್ಲಿ ಗೆರೆ ಎಲ್ಲೋ?"

"ಅಲ್ಲಿ... ಹಿಡ್ಕೊಳ್ಳೋ ಪ್ರೋಟೀನು ಕಮ್ಮಿಯಾಗಿದೆ ಟೀಚರ್."

"ಅಂದ್ರೆ ಬಿಟ್ಕೊಂಡು ಹೊರಟವೆ."

ಕಣ್ಣು ತೆಗೆಯದೆ ನನ್ನ ಮಣಿಕಟ್ಟು ಹಿಡಿದರು. ಪಾಠದಲ್ಲಿ ಎಂದೂ ಬಳಸದ ಮನೆಯ ತೆಲುಗಿನಲ್ಲಿ, "ಭಯಮೇಸ್ತಾಂದಿರಾ," ಎಂದರು. ಭಯವಾಗ್ತಿದೆ ಕಣೋ... ಟೀಚರ್ ಬಾಯಲ್ಲಿ ಆ ಮಾತು ನಾನು ಎಂದೂ ಕೇಳಿರಲಿಲ್ಲ.

"ನಿಜ ಹೇಳು. ಬೇರೆ ಕಡೆಗೂ ಹೋಗಿರ್ತವಾ?"

ಹೋಗಿರಬಹುದೆಂದು ನನಗೆ ಗೊತ್ತಿತ್ತು. ಇಂಥ ಅಂಚು ಕಂಡಾಗ ಡಾಕ್ಟರು ಮಾತು ನಿಲ್ಲಿಸುವುದನ್ನು ಎಷ್ಟೋ ಸಲ ನೋಡಿದ್ದೆ. "ಏನೂ ಇಲ್ಲ ಟೀಚರ್, ಎಲ್ಲರಿಗೂ ಹೀಗೇ ಇರುತ್ತೆ," ಎಂದೆ.

ಅವರು ತಲೆಯೆತ್ತಿ ನನ್ನನ್ನೇ ನೋಡಿದರು. "ಸುಳ್ಳು ಹೇಳೋವಾಗ ಈಗ್ಲೂ ಕಿವಿ ಮುಟ್ಕೊಳ್ತೀಯಲ್ಲೋ." ನಗಲಿಲ್ಲ. ನನ್ನ ಕೈ ಬಿಟ್ಟು, ಹೊರಗಿನ ಬೆಂಚಿನಲ್ಲಿ ಡಾಕ್ಟರಿಗಾಗಿ ಕಾಯುತ್ತಾ ಕೂತರು.

ಆಮೇಲೆ ಕಾಯಿಲೆಯ ಬಗ್ಗೆ ನನ್ನನ್ನು ಏನೂ ಕೇಳಲಿಲ್ಲ. ಫೋನ್ ಮಾಡಿದರೆ ಶ್ರೀನಿವಾಸಪುರದ ತಂಗಿಯ ಮಾವಿನ ತೋಪು, ಹೂವು, ಬಿಸಿಲು ಅಂತ ಮಾತು ತಿರುಗಿಸುತ್ತಿದ್ದರು. ಕೆಲವೇ ತಿಂಗಳಲ್ಲಿ ಅದು ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು, ಆಮೇಲೆ ಬೆನ್ನುಮೂಳೆಯಲ್ಲಿ... ತೋಪಿನ ಮಾವಿನಕಾಯಿ ಬಲಿಯುವ ಮೊದಲೇ ಹೋದರು.

ಈಗ ಯಾರಿಗೂ ನಾನು ಸುಲಭಕ್ಕೆ 'ಏನೂ ಇಲ್ಲ' ಅನ್ನುವುದಿಲ್ಲ. ಅವತ್ತು ಧೈರ್ಯ ಹೇಳಿದೆ ಅಂದುಕೊಂಡಿದ್ದೆ. ಹೆದರಿ ಓಡಿಹೋದವನು ನಾನು. ನಿಜ ಹೇಳಿದ್ದರೂ ಅವರು ಉಳಿಯುತ್ತಿರಲಿಲ್ಲ, ಭಯವೂ ಹೋಗುತ್ತಿರಲಿಲ್ಲ... ಆದರೆ ಅಷ್ಟು ತಿಂಗಳು ಅವರು ಒಬ್ಬರೇ ಹೆದರಬೇಕಾಗುತ್ತಿರಲಿಲ್ಲ.