ವಿಲ್ಸನ್ ಬೆರಳಿನ ಮೇಲೆ ಬಂದ ಅಪವಾದ

ವಿಲ್ಸನ್ ಮಥಾಯಸ್ ನಮ್ಮ ಬ್ಯಾಂಕಿನ ಕೊಚ್ಚಿ ಕಚೇರಿಯಲ್ಲಿ ಹೆಡ್ ಕ್ಯಾಶಿಯರ್ ಆಗಿದ್ದರು. ಮೂಡುಬಿದಿರೆ ಕಡೆಯವರು. ಹುಡುಗನಾಗಿದ್ದಾಗ ಊರಿನ ಇಗರ್ಜಿಯಲ್ಲಿ ಬೇಸ್ ಗಿಟಾರ್ ಕಲಿತವರು ಐವತ್ತೊಂಬತ್ತಕ್ಕೂ ಬಿಟ್ಟಿರಲಿಲ್ಲ. ನಮ್ಮ ಸ್ಟಾಫ್ ಕ್ಲಬ್ಬಿನ ವಾದ್ಯಮೇಳದಲ್ಲಿ ನಾನು ಹಾಡುವವನು, ಅವರು ಹಿಂದೆ ನಿಂತು ಬೇಸ್ ನುಡಿಸುವವರು. ಜನ ನನ್ನನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಹಾಡನ್ನು ಹೊತ್ತು ನಡೆಯುತ್ತಿದ್ದವರು ಅವರು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೆ.

೨೦೦೬ರ ಡಿಸೆಂಬರಿನಲ್ಲಿ ತಿರುವನಂತಪುರದಲ್ಲಿ ನಮ್ಮ ಬ್ಯಾಂಕಿನ ರಾಜ್ಯಮಟ್ಟದ ಸ್ಪರ್ಧೆ ಇತ್ತು. ಮುಂದಿನ ಮಾರ್ಚಿಗೆ ವಿಲ್ಸನ್ ನಿವೃತ್ತರಾಗುವವರು. ಅದೇ ತನ್ನ ಕೊನೆಯ ವೇದಿಕೆ ಎಂದು ಅವರು ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ಮಿತಭಾಷಿಯ ಬಾಯಲ್ಲಿ ಆ ಒಂದು ಮಾತು ಮಾತ್ರ ಪದೇಪದೇ ಬರುತ್ತಿತ್ತು.

ಅಕ್ಟೋಬರಿನಲ್ಲಿ ಅಭ್ಯಾಸ ಶುರುವಾದಾಗ ಗಿಟಾರಿನ ದಪ್ಪ ತಂತಿ ಝರ್ರೆಂದು ಗಲಗುಟ್ಟತೊಡಗಿತು. ಸ್ಪೀಕರಿನಲ್ಲಂತೂ ಕಿವಿ ಮುಚ್ಚಿಕೊಳ್ಳುವಂತಿತ್ತು. ಕ್ಲಬ್ಬಿನ ಕಾರ್ಯದರ್ಶಿ ನಿತ್ಯಾನಂದ, ನಮ್ಮ ಚೀಫ್ ಮ್ಯಾನೇಜರ್, ದಾವಣಗೆರೆಯವರು. ವಯಸ್ಸಾದ ಮೇಲೆ ಬೆರಳು ಭಾರವಾಗುವುದು ಸಹಜ ಎಂದು ಎಲ್ಲರೆದುರು ನಗುತ್ತಾ ಅಂದುಬಿಟ್ಟರು. ಸಾಹೇಬರು ನಕ್ಕ ಮೇಲೆ ನಾವೂ ನಕ್ಕೆವು. ನಾನೂ ನಕ್ಕೆ.

ವಿಲ್ಸನ್ ನಗಲಿಲ್ಲ. ಹೊಸ ತಂತಿ ಹಾಕಿದರು, ಗಲಗಲ ಹೋಗಲಿಲ್ಲ. ಬುಡದ ತಿರುಪು ತಿರುಗಿಸಿ ತಂತಿಗಳನ್ನು ಎತ್ತರಿಸಿದರು. ಬೆರಳ ತುದಿ ಕಿತ್ತುಬಂತೇ ಹೊರತು ಸದ್ದು ಹಾಗೇ ಉಳಿಯಿತು. ಕೊನೆಗೆ ಗಿಟಾರಿನ ಕೊರಳಿನಲ್ಲಿ ಲೋಹದ ಪಟ್ಟಿಗಳ ನಡುವಿನ ಒಂದೊಂದೇ ಮನೆ ಒತ್ತಿ ಕೇಳುತ್ತಾ ಹೋದರು. ತಲೆಯ ಕಡೆಯ ಮೂರ್ನಾಲ್ಕು ಮನೆಗಳಲ್ಲಿ ಮಾತ್ರ ಸದ್ದು, ಬುಡದ ಕಡೆ ಹೋದರೆ ಸ್ವರ ಶುದ್ಧ. ಬೆರಳೇ ಭಾರವಾಗಿದ್ದರೆ ಎಲ್ಲ ಕಡೆಯೂ ಗಲಗುಟ್ಟಬೇಕಿತ್ತಲ್ಲವೇ? ಅಷ್ಟು ಲೆಕ್ಕ ನಮ್ಮಲ್ಲಿ ಬೇರೆ ಯಾರೂ ಹಾಕಿರಲಿಲ್ಲ.

ಒಂದು ಶನಿವಾರ ಅವರು ಗಿಟಾರನ್ನು ಎಡಪ್ಪಳ್ಳಿಯ ತಮ್ಮ ಬಾಡಿಗೆ ಮನೆಗೆ ಒಯ್ದು ನನ್ನನ್ನೂ ಕರೆದರು. ಹಾಲಿಲ್ಲದ ಕಟ್ಟನ್ ಚಹಾ ಕೊಟ್ಟು, ಗಿಟಾರನ್ನು ತೊಡೆಯ ಮೇಲಿಟ್ಟು, ದಪ್ಪ ತಂತಿಯನ್ನು ಮೊದಲ ಮನೆಯಲ್ಲೂ ಕೊನೆಯ ಮನೆಯಲ್ಲೂ ಒತ್ತಿ ಹಿಡಿದರು. ನಡುವೆ ತಂತಿಗೂ ಕೊರಳ ಮೇಲಿನ ಲೋಹದ ಪಟ್ಟಿಗೂ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕಂತೆ. ಅವರ ಜೇಬಿನಲ್ಲಿದ್ದದ್ದು ನಿತ್ಯಾನಂದರ ಕಾರ್ಡೇ. ತೂರಿಸಿ ನೋಡಿದೆ, ಹೋಗಲಿಲ್ಲ. ಚಲನ್ ಹಾಳೆಯ ಚೂರು ಕೊಟ್ಟರು, ಅದೂ ಹೋಗಲಿಲ್ಲ.

ಆಗ ಅವರು ಕಾರಣ ಹೇಳಿದರು. ಆಗಸ್ಟಿನಲ್ಲಿ ಕ್ಲಬ್ಬಿನ ಕೋಣೆಯಿಂದ ಒಂದು ಮೈಕ್ ಕಾಣೆಯಾದ ಮೇಲೆ ವಾದ್ಯಗಳನ್ನೆಲ್ಲ ಕಂಪ್ಯೂಟರ್ ರೂಮಿನಲ್ಲಿಟ್ಟು ಬೀಗ ಹಾಕಬೇಕೆಂದು ನಿತ್ಯಾನಂದರ ಆದೇಶವಾಗಿತ್ತು. ಅಲ್ಲಿ ಹಗಲೂ ರಾತ್ರಿ ಎ.ಸಿ. ಕೊಚ್ಚಿಯ ಹಸಿ ಗಾಳಿಗೆ ಒಗ್ಗಿದ್ದ ಮರ ಆ ಒಣ ಚಳಿಯಲ್ಲಿ ಎರಡು ತಿಂಗಳು ಬಿದ್ದು, ಕೊರಳು ಹಿಂದಕ್ಕೆ ಸೆಟೆದು, ತಂತಿ ಪಟ್ಟಿಗೆ ಬಡಿಯುತ್ತಿತ್ತು. ಕಂಪ್ಯೂಟರಿಗೆ ಒಳ್ಳೆಯದಾದದ್ದು ಗಿಟಾರಿಗೂ ಒಳ್ಳೆಯದು ಎಂಬ ಬುದ್ಧಿವಂತಿಕೆ ಬ್ಯಾಂಕಿನವರಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು?

ಕೊರಳಿನೊಳಗೆ ಅದನ್ನು ಬಿಗಿದು ಹಿಡಿಯುವ ಒಂದು ಉಕ್ಕಿನ ಸರಳಿರುತ್ತದೆ. ಕಳಮಶ್ಶೇರಿಯ ಲೇತ್ ಅಂಗಡಿಯಿಂದ ತಂದ ಅಲೆನ್ ಕೀಯಿಂದ ಅದನ್ನು ಕಾಲು ಸುತ್ತು ಸಡಿಲಿಸಿದರು. ಒಂದು ದಿನ ಮನೆಯ ಗಾಳಿಗೆ ಬಿಟ್ಟು ಮತ್ತೆ ಅದರ ಅರ್ಧದಷ್ಟು ಸಡಿಲಿಸಿದರು. ಮಂಗಳವಾರ ಸಂಜೆ ನಾನು ಹೋದಾಗ ಸಾಹೇಬರ ಕಾರ್ಡು ಸಲೀಸಾಗಿ ತೂರಿತು. ವಿಲ್ಸನ್ ತಂತಿಗಳನ್ನು ಮೊದಲಿನ ಎತ್ತರಕ್ಕೆ ಇಳಿಸಿ ನಮ್ಮ ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದರು. ಒಂದೇ ಒಂದು ಕಡೆ ಗಲಗುಟ್ಟಲಿಲ್ಲ. ಅವರ ಕಣ್ಣು ತುಂಬಿದ್ದನ್ನು ನೋಡಿದವನು ನಾನೊಬ್ಬನೇ.

ಮರುದಿನ ವಿಲ್ಸನ್ ಇದನ್ನೆಲ್ಲ ನಿತ್ಯಾನಂದರಿಗೆ ಹೇಳಲು ಹೋದದ್ದೇ ತಪ್ಪಾಯಿತು. ಆದೇಶವೇ ಕಾರಣ ಎಂದರೆ ಯಾವ ಸಾಹೇಬರಿಗೆ ರುಚಿಸುತ್ತದೆ? ಅನುಮತಿಯಿಲ್ಲದೆ ಕ್ಲಬ್ಬಿನ ಸೊತ್ತನ್ನು ಮನೆಗೆ ಒಯ್ದದ್ದೇಕೆಂದು ನಿತ್ಯಾನಂದ ಕೇಳಿದರು. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಆಫೀಸರ್ ಕಾರ್ತಿಕೇಯ ಬೇಸ್ ನುಡಿಸುತ್ತಾನೆ, ವಿಲ್ಸನ್ ವಾದ್ಯಗಳ ಉಸ್ತುವಾರಿಗೆ ಬಂದರೆ ಸಾಕು ಎಂದರು. ವಿಲ್ಸನ್ ಒಂದು ಸಲ ನನ್ನ ಕಡೆ ನೋಡಿದರು. ಸರಿಪಡಿಸಿದ ಮೇಲೆ ಅವರು ನುಡಿಸಿದ್ದನ್ನು ಕೇಳಿದ್ದವನು ನಾನು. ನನ್ನ ಬಡ್ತಿಯ ಕಾಗದ ಆಗ ನಿತ್ಯಾನಂದರ ಮೇಜಿನ ಮೇಲಿತ್ತು. ನಾನು ಬಾಯಿ ಬಿಡಲಿಲ್ಲ.

ಡಿಸೆಂಬರಿನಲ್ಲಿ ತಿರುವನಂತಪುರದ ತಂಪಾನೂರಿನ ಹತ್ತಿರದ ಸಭಾಂಗಣದಲ್ಲಿ ನಮಗೆ ಮೊದಲ ಬಹುಮಾನ ಬಂತು. ಗಿಟಾರು ಗಂಟೆಯಂತೆ ನುಡಿಯಿತು. ಹಾಡು ಮುಗಿದೊಡನೆ ನಿತ್ಯಾನಂದ ವೇದಿಕೆಗೆ ಬಂದು ಕಾರ್ತಿಕೇಯನ ಬೆನ್ನು ತಟ್ಟಿ, ನಮಗೆಲ್ಲ ಕೇಳುವಂತೆ ಅಂದರು:

"ನೋಡ್ರೀ, ಕೈ ಬದಲಾದ್ರೆ ಸಾಕು, ಗಿಟಾರೂ ಸುಮ್ಮನಾಗ್ತದೆ."

ಎಲ್ಲರೂ ನಕ್ಕರು. ವಿಲ್ಸನ್ ಪರದೆಯ ಪಕ್ಕದಲ್ಲಿ ಖಾಲಿ ಗಿಟಾರ್ ಚೀಲ ಹಿಡಿದು ನಿಂತಿದ್ದರು.

ಗಿಟಾರು ಮತ್ತೆ ಕಂಪ್ಯೂಟರ್ ರೂಮಿಗೆ ಹೋಯಿತು. ಫೆಬ್ರವರಿಯಲ್ಲಿ ಕಾರ್ತಿಕೇಯನ ಕೈಯಲ್ಲೂ ಗಲಗುಟ್ಟತೊಡಗಿತು. ಈ ಸಲ ಯಾರೂ ಬೆರಳಿನ ಮಾತೆತ್ತಲಿಲ್ಲ. ವಾದ್ಯ ಹಳತಾಗಿದೆ, ಹೊಸದು ಮಂಜೂರು ಮಾಡಿ ಎಂದು ನಿತ್ಯಾನಂದ ಮೇಲಿನವರಿಗೆ ಬರೆದರು, ಮಂಜೂರೂ ಆಯಿತು. ಕ್ಯಾಶಿಯರ್ ನುಡಿಸಿದಾಗ ಕೈ ಕೆಟ್ಟದ್ದು, ಆಫೀಸರ್ ನುಡಿಸಿದಾಗ ಗಿಟಾರು ಕೆಟ್ಟದ್ದು. ನನಗೆ ಮೈಯೆಲ್ಲ ಉರಿಯಿತು. ಆ ವೇಳೆಗೆ ನನ್ನ ಬಡ್ತಿ ಆಗಿತ್ತು ನೋಡಿ, ಉರಿಯಲು ಅಡ್ಡಿಯಿರಲಿಲ್ಲ.

ಮಾರ್ಚ್ ಮೂವತ್ತೊಂದರಂದು ಬೀಳ್ಕೊಡುಗೆಯ ಹಾರ ಕೈಯಲ್ಲಿ ಹಿಡಿದು ವಿಲ್ಸನ್ ಮೆಟ್ಟಿಲಿಳಿಯುತ್ತಿದ್ದರು. ನಾನು ಹಿಂದೆಯೇ ಹೋಗಿ, ನಿಮಗೆ ಅನ್ಯಾಯವಾಯಿತು, ನಿತ್ಯಾನಂದರು ಹಾಗೆ ಅನ್ನಬಾರದಿತ್ತು ಎಂದೆ. ಅವರು ನಿಂತು, ಸಿಟ್ಟಿಲ್ಲದೆ ನನ್ನ ಮುಖ ನೋಡಿದರು.

"ಅವರಿಗೆ ಎಂತ ಗೊತ್ತುಂಟು ಶ್ರೀನಿಧಿಯವರೇ, ಅವರು ಹೇಳ್ತಾರೆ," ಎಂದರು. "ಆವತ್ತು ವೇದಿಕೆಯಲ್ಲಿ ಮೈಕ್ ನಿಮ್ಮ ಕೈಯಲ್ಲಿ ಇತ್ತಲ್ಲ ಮಾರಾಯ್ರೆ."